ಬೆಂಗಳೂರು–ಮಂಗಳೂರು: ಒಂದು ಗಂಟೆಯ ವಿಮಾನವೋ, ರಾತ್ರಿ ರೈಲೋ?

ನನ್ನ ಓಟು ರಾತ್ರಿ ರೈಲಿಗೆ. ಊರಿಗೆ ಹೋಗಲು ವಿಮಾನ, ಬಸ್ಸು, ರೈಲು ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಸುಮ್ನೆ ಅಂಕಿ ನೋಡಿದರೆ ವಿಮಾನವೇ ಗೆಲ್ಲಬೇಕು. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಆಕಾಶದಲ್ಲಿ ನೇರವಾಗಿ 300ರ ಆಸುಪಾಸು. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿರುತ್ತದೆ. ಅದರಲ್ಲೂ ರನ್‌ವೇವರೆಗೆ ಉರುಳುವ ಹೊತ್ತು ಸೇರಿದೆ, ನಿಜವಾಗಿ ಹಾರುವುದು ಮುಕ್ಕಾಲು ಗಂಟೆ ಅಷ್ಟೆ. ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯುವುದಕ್ಕೆ ಶುರು.

ತೊಡಕಿರುವುದು ದೇವನಹಳ್ಳಿಯಲ್ಲಿ. ನಾನಿರುವುದು ಬನಶಂಕರಿ ಕಡೆ. ಮೆಜೆಸ್ಟಿಕ್‌ನಿಂದಲೇ ಏರ್‌ಪೋರ್ಟು ಸುಮಾರು 35 ಕಿ.ಮೀ., ನನಗೆ ಅದಕ್ಕಿಂತ ಜಾಸ್ತಿ. ಶುಕ್ರವಾರ ಸಂಜೆ ವಾಯುವಜ್ರ ಹತ್ತಿದರೆ ಹೆಬ್ಬಾಳ ದಾಟುವ ತನಕ ಜೀವ ಕೈಯಲ್ಲಿ. ಮೇಖ್ರಿ ವೃತ್ತದ ಹತ್ತಿರ ಬಸ್ಸು ನಿಂತುಬಿಟ್ಟಾಗ ಪಕ್ಕದವರೂ ನಾನೂ ಗಡಿಯಾರ ನೋಡುವುದೇ ಕೆಲಸ. ಯಾಕೆಂದರೆ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಬ್ಯಾಗು ಕೊಡುವ ಕೌಂಟರ್ ಮುಚ್ಚುತ್ತದೆ. ಆ ಭಯಕ್ಕೆ ಮನೆಯಿಂದ ನಾಲ್ಕು ಗಂಟೆ ಮುಂಚೆ ಹೊರಡಬೇಕು. ಆಮೇಲೆ ಸೆಕ್ಯುರಿಟಿ ಸಾಲು, ಬೆಲ್ಟು ಬಿಚ್ಚು, ಲ್ಯಾಪ್‌ಟಾಪ್ ತೆಗೆ.

ಆ ಕಡೆ ಬಜ್ಪೆಯಲ್ಲಿ ಇಳಿದ ಮೇಲೂ ಮುಗಿಯಲಿಲ್ಲ. ಬ್ಯಾಗಿಗೆ ಕಾಯಬೇಕು, ಗುಡ್ಡ ಇಳಿದು ಪೇಟೆ ಸೇರಬೇಕು. ಎಲ್ಲ ಕೂಡಿಸಿದರೆ ಒಂದು ಗಂಟೆಯ ಪ್ರಯಾಣ ಆರು ಗಂಟೆಯಾಗುತ್ತದೆ. ಅಷ್ಟೂ ಎಚ್ಚರವಾಗಿರುವ ಗಂಟೆಗಳು! ಮಳೆಗಾಲ ಬಂತೆಂದರೆ ಇನ್ನೊಂದು ಚಿಂತೆ. ಬಜ್ಪೆಯದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ. ಮೋಡ ಕವಿದು ಕಣ್ಣಿಗೆ ದಾರಿ ಕಾಣದಿದ್ದರೆ ವಿಮಾನ ಸುತ್ತು ಹೊಡೆಯುತ್ತದೆ, ಕೆಲವೊಮ್ಮೆ ಬೇರೆ ಊರಿಗೇ ತಿರುಗುತ್ತದೆ.

ಬಸ್ಸಿನ ಬಗ್ಗೆ ಒಂದೇ ಮಾತು: ಶಿರಾಡಿ ಘಾಟಿಯ ತಿರುವುಗಳಲ್ಲಿ ನನಗೆ ನಿದ್ದೆ ಬರುವುದಿಲ್ಲ.

ರೈಲು ಒಂಬತ್ತು ಹತ್ತು ಗಂಟೆ ತೆಗೆದುಕೊಳ್ಳುತ್ತದೆ ನಿಜ. ಆದರೆ ಅದರಲ್ಲಿ ಏಳು ಗಂಟೆ ನಾನು ಮಲಗಿರುತ್ತೇನೆ, ಅಲ್ವಾ? ಸಂಜೆ ಕೆಲಸ ಮುಗಿಸಿ, ಊಟ ಮಾಡಿ, ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದರಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಏರಿಳಿತ ಕಡಿದಾಗಿರುವುದರಿಂದ ಗಾಡಿ ಅಲ್ಲಿ ಬಲು ನಿಧಾನ. ಆ ನಿಧಾನವೇ ನನಗೆ ಒಳ್ಳೆಯ ನಿದ್ದೆ ಕೊಡುವುದು. ಪುತ್ತೂರು ಬರುವ ಹೊತ್ತಿಗೆ ಬೋಗಿಯಲ್ಲಿ ತುಳು ಮಾತು ಕೇಳಿಸುತ್ತದೆ, ಎದ್ದು ಚಾದರ ಮಡಚುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ, ಹೆಚ್ಚಿನ ದಿನಗಳಲ್ಲಿ ಸ್ಲೀಪರ್ ಟಿಕೆಟ್ಟಿಗಿಂತ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯೇ ದುಬಾರಿ. ಊರಿಂದ ಬರುವಾಗ ಅಮ್ಮ ಕಟ್ಟಿಕೊಡುವ ಗಂಟುಗಳಿಗೂ ರೈಲೇ ಸರಿ. ವಿಮಾನದಲ್ಲಿ ಒಣ ಕೊಬ್ಬರಿಗೆ ಪ್ರವೇಶವಿಲ್ಲ, ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ.

ರೈಲಿಗೂ ಮಳೆಯ ಕಾಟವಿದೆ. ಜುಲೈ, ಆಗಸ್ಟಿನಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಗಾಡಿಯೇ ರದ್ದು. ಆ ಎರಡು ತಿಂಗಳು ಹೊರಡುವ ಮೊದಲು ಸುದ್ದಿ ನೋಡಿಕೊಳ್ಳುತ್ತೇನೆ.

ನೀವು ಯಲಹಂಕದಲ್ಲಿದ್ದು, ಕೈಚೀಲ ಮಾತ್ರ ಹಿಡಿದು, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವವರಾದರೆ ವಿಮಾನವೇ ವಾಸಿ. ಉಳಿದವರು ಹಬ್ಬದ ವಾರಕ್ಕೆ ರೈಲು ಟಿಕೆಟ್ಟನ್ನು 60 ದಿನ ಮೊದಲೇ, ಬುಕಿಂಗ್ ತೆರೆದ ಬೆಳಗ್ಗೆಯೇ ಮಾಡಿಸಿ. ಕೆಳಗಿನ ಬರ್ತು ಮೊದಲು ಖಾಲಿಯಾಗುತ್ತದೆ.