ಚಿಪ್ಪುವಾಸಿ ಮೀನುಗಳಿಗೆ ಮನೆ: ಮಲ್ಟಿಯ ತೊಟ್ಟಿ, ಒಸಿಯ ತೊಟ್ಟಿ

ನಮ್ಮ ಮನೆಯ ಹಜಾರದಲ್ಲಿ ಒಂದೇ ಅಳತೆಯ ಎರಡು ಗಾಜಿನ ತೊಟ್ಟಿಗಳು ಮೂರು ವರ್ಷಗಳಿಂದ ಅಕ್ಕಪಕ್ಕದಲ್ಲಿವೆ. ಒಂದೊಂದೂ 24 ಅಂಗುಲ ಉದ್ದ, 15 ಅಂಗುಲ ಅಗಲ, 12 ಅಂಗುಲ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 70 ಲೀಟರ್ ನೀರು ಹಿಡಿಯುತ್ತವೆ. ಎಡಗಡೆಯ ತೊಟ್ಟಿಯಲ್ಲಿರುವುದು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್, ಸಾಕುವವರ ಬಾಯಲ್ಲಿ ‘ಮಲ್ಟಿ’. ಬಲಗಡೆಯದರಲ್ಲಿರುವುದು ಲ್ಯಾಂಪ್ರೊಲೋಗಸ್ ಒಸೆಲಾಟಸ್, ಅಂದರೆ ‘ಒಸಿ’. ಎರಡೂ ಆಫ್ರಿಕಾದ ಟ್ಯಾಂಗನ್ಯಿಕಾ ಸರೋವರದ, ಸಿಕ್ಲಿಡ್ ಎಂಬ ಕುಟುಂಬದ ಮೀನುಗಳು. ಸತ್ತ ಬಸವನಹುಳುಗಳ ಖಾಲಿ ಚಿಪ್ಪಿನೊಳಗೆ ಮಲಗಿ, ಅಲ್ಲಿಯೇ ಮೊಟ್ಟೆಯಿಟ್ಟು, ಅಪಾಯ ಕಂಡಾಗ ಅಲ್ಲಿಗೇ ನುಗ್ಗುವ ಜಾತಿಯವು. ಈ ಎರಡು ಮೀನುಗಳಲ್ಲಿ ಯಾವುದು ಸಾಕಲು ಮೇಲು ಎಂದು ತಿಳಿಯುವುದಷ್ಟೇ ನನ್ನ ಉದ್ದೇಶವಾಗಿತ್ತು. ಆದರೆ ಹೋಲಿಕೆ ಮೀನಿನಲ್ಲಿ ನಿಲ್ಲಲಿಲ್ಲ. ಮರಳಿಗೆ, ಚಿಪ್ಪಿಗೆ, ಕೊನೆಗೆ ನಮ್ಮ ಬೋರ್‌ವೆಲ್ಲಿನ ನೀರಿಗೂ ಹಬ್ಬಿತು.

ಈ ಮೀನುಗಳ ಮೂಲ ನೆಲೆಯನ್ನು ತಿಳಿಯದೆ ತೊಟ್ಟಿಯನ್ನು ಹೂಡಿದರೆ ಹಣವೂ ಶ್ರಮವೂ ವ್ಯರ್ಥ. ಟಾಂಜಾನಿಯ, ಕಾಂಗೋ, ಬುರುಂಡಿ, ಜಾಂಬಿಯಾ ದೇಶಗಳ ನಡುವೆ 670 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿರುವ ಟ್ಯಾಂಗನ್ಯಿಕಾ ಸುಮಾರು 1,470 ಮೀಟರ್ ಆಳವಿದ್ದು, ಆಳದಲ್ಲಿ ಬೈಕಲ್ ಸರೋವರದ ನಂತರದ ಸ್ಥಾನದಲ್ಲಿದೆ. ಅದರ ನೀರು ಗಡುಸು, ಕ್ಷಾರೀಯ. ಪಿಎಚ್ 9ರ ಆಸುಪಾಸು. ಅಲ್ಲಿ ಮಾತ್ರ ಬದುಕುವ ನಿಯೋಥೌಮಾ ಎಂಬ ಬಸವನಹುಳು ಸತ್ತ ಮೇಲೆ ಅದರ ಚಿಪ್ಪು ಅಂಥ ನೀರಿನಲ್ಲಿ ಕರಗುವುದಿಲ್ಲ. ಹೀಗೆ ಉಳಿದ ಚಿಪ್ಪುಗಳು ತಳದಲ್ಲಿ ಹಾಸು ಹಾಸಾಗಿ ಬಿದ್ದಿರುತ್ತವೆ, ಮತ್ತು ಅವುಗಳಲ್ಲಿ ಸಾವಿರ ವರ್ಷಕ್ಕೂ ಹಳೆಯವಿವೆ. ಬಂಡೆಯೂ ಗಿಡವೂ ಇಲ್ಲದ ಬಯಲಿನಲ್ಲಿ ಅಡಗುವುದಕ್ಕೆ ಸಿಗುವುದು ಅದೊಂದೇ ಆದ್ದರಿಂದ, ಮೀನುಗಳು ತಲೆಮಾರುಗಳ ಕಾಲ ಚಿಪ್ಪಿನ ಅಳತೆಗೆ ತಕ್ಕಂತೆ ಕುಗ್ಗಿವೆ. ಮಲ್ಟಿಯ ಗಂಡು ನಾಲ್ಕೂವರೆ ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ಹೆಣ್ಣು ಮೂರರ ಆಸುಪಾಸು. ಸಿಕ್ಲಿಡ್‌ಗಳಲ್ಲೇ ಅತಿ ಚಿಕ್ಕವುಗಳ ಸಾಲಿಗೆ ಸೇರುವ ಮೀನು ಇದು. ಒಸಿ ಅದಕ್ಕಿಂತ ಸ್ವಲ್ಪ ದಪ್ಪ, ತಲೆ ದೊಡ್ಡದು, ಕಿವಿರಿನ ಮುಚ್ಚಳದ ಮೇಲೆ ಕಣ್ಣಿನಂಥ ಚುಕ್ಕೆ. ಸಿಟ್ಟು ಬಂದಾಗ ಕಿವಿರನ್ನು ಅಗಲಿಸಿ ಆ ಚುಕ್ಕೆಯನ್ನು ಎದುರಾಳಿಗೆ ತೋರಿಸುತ್ತದೆ, ಎದುರಾಳಿ ನನ್ನ ಕೈಬೆರಳಾದರೂ ಸರಿ.

ಇಬ್ಬರೂ ಚಿಪ್ಪುವಾಸಿಗಳೇ ಆದರೂ ಚಿಪ್ಪನ್ನು ಬಳಸುವ ರೀತಿ ಪೂರ್ತಿ ಬೇರೆ. ಮಲ್ಟಿಗಳದು ಕೇರಿಯ ಬದುಕು. ನಾನು ಎಂಟು ಮರಿಗಳನ್ನು ತಂದು ಬಿಟ್ಟಾಗ ಮೊದಲ ವಾರ ಅವು ಮೂಲೆಯಲ್ಲಿ ಅವಿತಿದ್ದವು. ಎರಡನೆಯ ವಾರ ಮರಳನ್ನು ಬಾಯಿ ತುಂಬ ತುಂಬಿಕೊಂಡು ಹೋಗಿ ದೂರದಲ್ಲಿ ಉಗಿಯತೊಡಗಿದವು. ತಿಂಗಳು ಕಳೆಯುವಷ್ಟರಲ್ಲಿ ತೊಟ್ಟಿಯ ನಡುವೆ ಗಾಜಿನ ತಳ ಕಾಣುವಷ್ಟು ಆಳದ ಗುಂಡಿಯಾಗಿ, ಚಿಪ್ಪುಗಳೆಲ್ಲ ಆ ಗುಂಡಿಯಲ್ಲಿ ಬಾಯಿ ತೆರೆದು ಬಿದ್ದಿದ್ದವು. ಮಲ್ಟಿ ಚಿಪ್ಪನ್ನು ಮರಳಿನಿಂದ ಹೊರತೆಗೆಯುತ್ತದೆ; ಒಸಿ ಚಿಪ್ಪನ್ನು ಮರಳಿನಲ್ಲಿ ಹೂಳುತ್ತದೆ. ಒಸಿಯ ಹೆಣ್ಣು ತಾನು ಆರಿಸಿದ ಚಿಪ್ಪಿನ ಬುಡಕ್ಕೆ ತಲೆಯೂರಿ, ಮೈಯನ್ನು ಬಲವಾಗಿ ನಡುಗಿಸಿ ಅಡಿಯ ಮರಳನ್ನು ಚೆದುರಿಸುತ್ತದೆ. ಚಿಪ್ಪು ತಗ್ಗಿದ ಮೇಲೆ ಸುತ್ತಲಿನ ಮರಳನ್ನು ಅದರ ಮೇಲೆ ಎರಚಿ, ಬಾಯಿಯೊಂದು ಮಾತ್ರ ನೆಲದ ಮಟ್ಟದಲ್ಲಿ ಕಾಣುವಂತೆ ಮಾಡುತ್ತದೆ. ನೋಡುವವರಿಗೆ ಅಲ್ಲೊಂದು ಚಿಪ್ಪಿದೆಯೆಂದು ಹೇಳಿದರೂ ನಂಬುವುದಿಲ್ಲ. ತೊಟ್ಟಿಯ ಒಳಗಿನ ಯಾವ ಸಾಮಗ್ರಿ ಒಳ್ಳೆಯದು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಈ ಕೆಲಸವನ್ನು ನೋಡಿದಾಗಲೇ ಸಿಕ್ಕಿತು: ಮೀನು ತಾನೇ ಕದಲಿಸಬಲ್ಲ ಸಾಮಗ್ರಿಯೇ ಅದಕ್ಕೆ ಒಳ್ಳೆಯದು. ಬೆಲೆ, ಮೂಲ, ರಾಸಾಯನಿಕ ಗುಣ, ಇವೆಲ್ಲ ಆಮೇಲಿನವು.

ಈ ಮಾತು ಮರಳಿನ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಗೊತ್ತಾಯಿತು. ಆಫ್ರಿಕದ ಸಿಕ್ಲಿಡ್ ಎಂದೊಡನೆ ಅಂಗಡಿಯವರು ಹವಳದ ಚೂರುಗಳನ್ನು ಕೈಗಿಡುತ್ತಾರೆ. ನಾನೂ ಎರಡು ತೊಟ್ಟಿಗೂ ಅದನ್ನೇ ಹಾಕಿದ್ದೆ. ಚೂರುಗಳು ಮೂರರಿಂದ ಐದು ಮಿಲಿಮೀಟರ್ ದಪ್ಪ. ಮಲ್ಟಿಗಳು ಒಂದೊಂದೇ ಚೂರನ್ನು ಕಚ್ಚಿ ಎತ್ತಿ ಹೇಗೋ ಕೆಲಸ ಸಾಗಿಸಿದವು. ಒಸಿಗಳು ನಾಲ್ಕು ದಿನ ಚಿಪ್ಪಿನ ಬುಡದಲ್ಲಿ ಮೈ ನಡುಗಿಸಿ, ಚಿಪ್ಪು ಕಾಲಂಗುಲವೂ ಇಳಿಯದಿರಲು ಕೈಬಿಟ್ಟವು. ನೆಲದ ಮೇಲೆ ಉರುಳಾಡುವ ಚಿಪ್ಪನ್ನು ಕಾಯಲಾಗದ ಹೆಣ್ಣುಗಳ ಬಣ್ಣವೇ ಮಂಕಾಯಿತು. ಹವಳವನ್ನು ತೆಗೆದು, ಎಡಗಡೆಗೆ ಆಮದಾದ, ಸುಣ್ಣದಂಶದ ಅರಗೊನೈಟ್ ಮರಳನ್ನೂ ಬಲಗಡೆಗೆ ನೀರಿನ ಫಿಲ್ಟರುಗಳಿಗೆ ಬಳಸುವ ಸಣ್ಣ ಕಾಳಿನ ಸಿಲಿಕಾ ಮರಳನ್ನೂ ಹಾಕಿದೆ. ಒಸಿಯ ದೊಡ್ಡ ಹೆಣ್ಣು ಒಂದೇ ರಾತ್ರಿಯಲ್ಲಿ ಚಿಪ್ಪನ್ನು ಹೂತುಹಾಕಿತ್ತು.

ಅರಗೊನೈಟ್ ಮರಳಿಗೆ ನಾನು ಕೊಟ್ಟ ಹಣದಲ್ಲಿ ಅಷ್ಟೇ ತೂಕದ ಸಿಲಿಕಾ ಮರಳನ್ನು ಐದಾರು ಸಲ ಕೊಳ್ಳಬಹುದಿತ್ತು. ಅದು ಕರಗಿ ನೀರಿನ ಗಡುಸುತನವನ್ನೂ ಪಿಎಚ್ಚನ್ನೂ ಎತ್ತಿಹಿಡಿಯುತ್ತದೆಂಬುದು ಅದರ ಹೆಗ್ಗಳಿಕೆ. ಆದರೆ ಅದು ಕರಗುವುದು ನೀರು ತಟಸ್ಥ ಅಥವಾ ಆಮ್ಲೀಯದ ಕಡೆಗೆ ವಾಲಿದಾಗ. ನೀರು ಮೊದಲೇ ಕ್ಷಾರೀಯವಾಗಿದ್ದರೆ ಸುಮ್ಮನೆ ಬಿದ್ದಿರುತ್ತದೆ. ಆರು ತಿಂಗಳು ವಾರಕ್ಕೊಮ್ಮೆ ಪರೀಕ್ಷಿಸಿದಾಗ ಎರಡೂ ತೊಟ್ಟಿಗಳ ಪಿಎಚ್ 8.2ರಿಂದ 8.4ರ ನಡುವೆಯೇ ಇತ್ತು, ಯಾವ ಮರಳು ಎಲ್ಲಿದೆಯೆಂದು ಆ ಅಂಕಿಗಳಿಂದ ಯಾರೂ ಹೇಳಲಾರರು. ಬಣ್ಣದ ವಿಷಯದಲ್ಲಿ ಮಾತ್ರ ಅರಗೊನೈಟ್ ಸೋತಿತು ಎನ್ನಬೇಕು: ಅದರ ಬಿಳುಪಿನ ಮೇಲೆ ಮಲ್ಟಿಗಳ ಪಟ್ಟೆಗಳು ತೆಳುವಾದವು, ಕಂದು ಸಿಲಿಕಾದ ಮೇಲೆ ಒಸಿಗಳ ಮೈ ಚಿನ್ನದ ಹೊಳಪು ಪಡೆಯಿತು. ಎಂ-ಸ್ಯಾಂಡನ್ನು ಒಂದು ಬಕೆಟ್ಟಿನಲ್ಲಿ ತೊಳೆದು ನೋಡಿಯೇ ಬಿಟ್ಟುಬಿಟ್ಟೆ. ಹತ್ತು ನೀರು ಚೆಲ್ಲಿದರೂ ಧೂಳು ಮುಗಿಯಲಿಲ್ಲ, ಕಾಳುಗಳ ಅಂಚು ಬೆರಳಿಗೇ ಚುಚ್ಚುತ್ತಿತ್ತು. ಬಾಯಲ್ಲಿ ಮರಳು ಹೊರುವ ಮೀನಿಗೆ ಅದು ಸಲ್ಲದು. ಮಲ್ಟಿಗೆ ಎರಡು ಅಂಗುಲ ದಪ್ಪದ ಮರಳು ಸಾಕು, ಒಸಿಗೆ ಮೂರು ಬೇಕು, ಏಕೆಂದರೆ ಇಡೀ ಚಿಪ್ಪು ಅದರೊಳಗೆ ಮುಳುಗಬೇಕು.

ಇನ್ನು ಚಿಪ್ಪು. ಐದು ಬಗೆಯ ಚಿಪ್ಪುಗಳನ್ನು ನಾನು ಪ್ರಯೋಗಿಸಿದೆ. ಹಿರಿಯ ಹವ್ಯಾಸಿಯೊಬ್ಬರು ಆರು ನಿಜವಾದ ನಿಯೋಥೌಮಾ ಚಿಪ್ಪುಗಳನ್ನು ಕೊಟ್ಟಿದ್ದರು. ವಿದೇಶದಿಂದ ಬಂದ ಗೆಳೆಯ ಎಸ್ಕಾರ್ಗೊ ಅಡುಗೆಗೆ ಬಳಸುವ ನೆಲದ ಬಸವನಹುಳುವಿನ ಚಿಪ್ಪುಗಳ ಪೊಟ್ಟಣ ತಂದಿದ್ದ. ಪಶ್ಚಿಮ ದೇಶಗಳ ಸಾಕಣೆದಾರರು ಹೆಚ್ಚಾಗಿ ಬಳಸುವುದು ಇವನ್ನೇ. ಕುಯಿಲು ಮುಗಿದ ಮಂಡ್ಯದ ಗದ್ದೆಗಳ ಬದುವಿನಲ್ಲಿ ಒಣಗಿ ಬಿದ್ದಿದ್ದ ಪೈಲಾ ಜಾತಿಯ ದುಂಡು ಚಿಪ್ಪುಗಳನ್ನು ನಾನೇ ಆಯ್ದು ತಂದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಿಂದ ಬೆಲ್ಲಾಮಿಯ ಎಂಬ ಚಿಕ್ಕ ಗೋಪುರದಂಥ ಚಿಪ್ಪುಗಳೂ ಸಿಕ್ಕವು. ನಮ್ಮ ಕೆರೆಯ ಈ ಹುಳು ಟ್ಯಾಂಗನ್ಯಿಕಾದ ನಿಯೋಥೌಮಾದ ಕುಟುಂಬಕ್ಕೇ ಸೇರಿದ್ದು, ಆಕಾರದಲ್ಲಿಯೂ ಆ ನೆಂಟಸ್ತನ ಕಾಣುತ್ತದೆ. ಐದನೆಯದು ಕರಾವಳಿಯ ಅಂಗಡಿಯೊಂದರ ಕಡಲ ಚಿಪ್ಪು. ಅದನ್ನು ಬೇಗ ಮುಗಿಸಿಬಿಡುತ್ತೇನೆ: ಭಾರ ಹೆಚ್ಚು, ಮೇಲೆ ವಾರ್ನಿಶ್, ಯಾವ ಮೀನೂ ಮೂಸಲಿಲ್ಲ. ಅಲ್ಲದೆ ಕೆಲವು ಕಡಲ ಚಿಪ್ಪುಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ, ಏನೆಂದು ಗೊತ್ತಿಲ್ಲದೆ ಕೊಳ್ಳುವುದು ಸರಿಯೂ ಅಲ್ಲ.

ಮಲ್ಟಿಯ ತೊಟ್ಟಿಯಲ್ಲಿ ಎಸ್ಕಾರ್ಗೊ, ಪೈಲಾ, ಬೆಲ್ಲಾಮಿಯ ತಲಾ ಹನ್ನೆರಡರಂತೆ ಬೆರೆಸಿ ಹರಡಿ, ಎರಡು ತಿಂಗಳ ಬಳಿಕ ಯಾವ ಯಾವ ಚಿಪ್ಪಿನಿಂದ ತಲೆ ಹೊರಬರುತ್ತದೆಂದು ಸಂಜೆ ಹೊತ್ತು ಕುಳಿತು ಎಣಿಸಿದೆ. ಎಸ್ಕಾರ್ಗೊದಲ್ಲಿ ಒಂಬತ್ತಕ್ಕೆ ಒಡೆಯರಿದ್ದರು, ಬೆಲ್ಲಾಮಿಯದಲ್ಲಿ ಏಳಕ್ಕೆ, ಅವೆಲ್ಲ ಹೆಣ್ಣುಗಳು ಮತ್ತು ಮರಿಗಳು. ಪೈಲಾದಲ್ಲಿ ಎರಡಕ್ಕೆ ಮಾತ್ರ. ಪೈಲಾದ ಬಾಯಿ ಅದರ ಗಾತ್ರಕ್ಕೆ ಬಹಳ ಅಗಲ. ಮಲ್ಟಿ ಒಳನುಗ್ಗಿದರೆ ಹಿಂದೆಯೇ ಇನ್ನೊಂದು ಮೀನೂ ನುಗ್ಗಬಹುದು. ಬಾಗಿಲಿಲ್ಲದ ಮನೆಯಂತೆ ಅದು. ಅದೇ ಪೈಲಾ ಒಸಿಯ ತೊಟ್ಟಿಯಲ್ಲಿ ಗೆದ್ದಿತು. ಒಸಿ ದಪ್ಪ ಮೀನಾದ್ದರಿಂದ ಅದರ ಮೈ ಬಾಯನ್ನು ತುಂಬುತ್ತದೆ, ದುಂಡಾದ ಚಿಪ್ಪು ಮರಳಿನಲ್ಲಿ ಸಲೀಸಾಗಿ ಇಳಿಯುತ್ತದೆ, ಮತ್ತು ಹೂತ ಮೇಲೆ ಬಾಯಿಯ ಅಂಚಿಗೆ ಮರಳು ಪೇರಿಸಿ ಅದನ್ನು ಎಷ್ಟು ಬೇಕೋ ಅಷ್ಟು ಕಿರಿದು ಮಾಡಿಕೊಳ್ಳಬಹುದು. ಪೂರ್ತಿ ಬೆಳೆದ ಪೈಲಾ ಬೇಡ. ನಾಲ್ಕು ಸೆಂಟಿಮೀಟರಿನ ಆಸುಪಾಸಿನದು ಸಾಕು. ನಿಯೋಥೌಮಾ ಚಿಪ್ಪುಗಳನ್ನು ಎರಡೂ ತೊಟ್ಟಿಗಳಲ್ಲಿ ಮೂರು ಮೂರರಂತೆ ಇಟ್ಟಿದ್ದೆ. ಮೀನುಗಳು ಅವನ್ನು ಒಪ್ಪಿದವು, ಆದರೆ ಎಸ್ಕಾರ್ಗೊಕ್ಕಿಂತ ಹೆಚ್ಚಾಗಿ ಒಪ್ಪಿದವೆಂದು ನಾನು ಹೇಳಲಾರೆ. ಊರಿನ ಮಣ್ಣಿನ ಸೆಳೆತ ಮೀನಿಗಿಲ್ಲ, ಸಾಕುವವನಿಗಿದೆ.

ಗದ್ದೆಯ ಚಿಪ್ಪು ಪುಕ್ಕಟೆ ಎಂದು ಹಿಗ್ಗಿದ್ದಕ್ಕೆ ಬೆಲೆಯನ್ನೂ ತೆತ್ತೆ. ಒಣಗಿದಂತೆ ಕಾಣುವ ಚಿಪ್ಪಿನ ಕೊನೆಯ ಸುರುಳಿಯಲ್ಲಿ ಹುಳುವಿನ ಮಾಂಸ ಅಂಟಿರುವುದುಂಟು. ನಾನು ಹತ್ತು ನಿಮಿಷ ಕುದಿಸಿ ಹಾಕಿದ್ದ ಚಿಪ್ಪುಗಳಲ್ಲಿ ಒಂದೆರಡು ಹಾಗೆ ಉಳಿದು, ಮೂರನೆಯ ದಿನ ನೀರು ನಾರತೊಡಗಿತು, ಎರಡು ಮಲ್ಟಿಗಳು ಸತ್ತವು. ಕೊಳೆತ ಮಾಂಸದಿಂದ ಹುಟ್ಟುವ ಅಮೋನಿಯ ಇಂಥ ಕ್ಷಾರೀಯ ತೊಟ್ಟಿಗಳಲ್ಲಿ ಸಾಮಾನ್ಯ ತೊಟ್ಟಿಗಳಿಗಿಂತ ಹೆಚ್ಚು ಘಾತುಕ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ವಿಷರೂಪದಲ್ಲಿರುತ್ತದೆ, 8.5ರಲ್ಲಿ, 26 ಡಿಗ್ರಿ ಶಾಖದಲ್ಲಿ, ಅದು ಸುಮಾರು ಆರರಲ್ಲಿ ಒಂದು ಪಾಲಾಗುತ್ತದೆ. ಈಗ ಕುದಿಸಿದ ಮೇಲೆ ಪೈಪಿನ ನೀರನ್ನು ರಭಸವಾಗಿ ಒಳಬಿಟ್ಟು ಕುಲುಕಿ, ಬಿಸಿಲಿಗೆ ಒಣಗಿಸಿ, ಒಂದು ವಾರ ಬಕೆಟ್ಟಿನಲ್ಲಿ ನೆನೆಹಾಕಿ, ಮೂಗಿಗೆ ಹಿಡಿದು ನೋಡಿಯೇ ತೊಟ್ಟಿಗೆ ಇಳಿಸುತ್ತೇನೆ. ಪೊಟ್ಟಣದ ಎಸ್ಕಾರ್ಗೊಗೆ ಈ ರಗಳೆಯಿಲ್ಲ ಎಂಬುದನ್ನು ಒಪ್ಪಲೇಬೇಕು.

ನೀರಿನಲ್ಲಿ ಬೆಂಗಳೂರಿನವರಿಗೆ ಎರಡು ದಾರಿಗಳಿವೆ. ಕಾವೇರಿ ನೀರು ಮೆದು, ಅದರಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ತೆಗೆದು, ಅಡುಗೆ ಸೋಡಾ ಮತ್ತು ಎಪ್ಸಮ್ ಉಪ್ಪು ಬೆರೆಸಿದರೆ ಟ್ಯಾಂಗನ್ಯಿಕಾದ ಹತ್ತಿರ ಬರುತ್ತದೆ. ಎಪ್ಸಮ್ ಉಪ್ಪು ಏಕೆಂದರೆ ಆ ಸರೋವರದಲ್ಲಿ ಕ್ಯಾಲ್ಸಿಯಮ್ಮಿಗಿಂತ ಮೆಗ್ನೀಸಿಯಮ್ಮೇ ಹೆಚ್ಚು. ಬೋರ್‌ವೆಲ್ ನೀರಿಗೆ ಏನನ್ನೂ ಬೆರೆಸಬೇಕಿಲ್ಲ. ಆಗ ತಾನೇ ಮೇಲೆತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ಏಳೂಕಾಲರಷ್ಟು ತೋರಿಸಿದರೂ, ಒಂದು ರಾತ್ರಿ ಗಾಳಿ ಹಾಯಿಸಿದ ಮೇಲೆ 8.2ಕ್ಕೆ ಏರುತ್ತದೆ. ನಾನು ಮೂರು ತಿಂಗಳು ಒಂದು ತೊಟ್ಟಿಗೆ ಅದು, ಇನ್ನೊಂದಕ್ಕೆ ಇದು ಎಂದು ಬಳಸಿ, ಬೋರ್‌ವೆಲ್ಲಿಗೆ ನಿಂತೆ. ಅದರ ಒಂದೇ ದೋಷ ನೈಟ್ರೇಟ್. ನಮ್ಮ ಬೋರ್‌ವೆಲ್ಲಿನಲ್ಲಿ ತೊಟ್ಟಿಗೆ ಸೇರುವ ಮೊದಲೇ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ಇದೆ. ಹಾಗಾಗಿ ಮೂರು ಪಾಲು ಬೋರ್‌ವೆಲ್ಲಿಗೆ ಒಂದು ಪಾಲು ಕಾವೇರಿ ನೀರು ಸೇರಿಸುತ್ತೇನೆ. ಮನೆಯಲ್ಲಿ ಕಾವೇರಿ ಮಾತ್ರ ಬರುವವರು ಅರಗೊನೈಟ್ ಮರಳಿಗೆ ಹಣ ಹಾಕಿದರೆ ಅದು ದಂಡವಲ್ಲ. ಅವರ ತೊಟ್ಟಿಯಲ್ಲಿ ಅದು ನಿಜವಾಗಿ ಕೆಲಸ ಮಾಡೀತು.

ಫಿಲ್ಟರಿನ ಹೋಲಿಕೆ ಒಂದು ವಾರದಲ್ಲಿ ಮುಗಿಯಿತು. ಅಂಚಿಗೆ ತೂಗುಹಾಕುವ ಫಿಲ್ಟರು ಮೀನೆಬ್ಬಿಸಿದ ಮರಳನ್ನು ನುಂಗಿ ಗರಗರ ಸದ್ದು ಮಾಡಿತು, ಅಕ್ಕಿಕಾಳಿಗಿಂತ ಚಿಕ್ಕ ಮರಿಗಳನ್ನೂ ಎಳೆದುಕೊಂಡಿತು. ಈಗ ಎರಡೂ ಕಡೆ ಸ್ಪಾಂಜ್ ಫಿಲ್ಟರುಗಳಿವೆ. ಮಲ್ಟಿ ಮರಿಗಳು ಸ್ಪಾಂಜಿನ ಮೇಲ್ಮೈಯನ್ನು ದಿನವಿಡೀ ಮೇಯುತ್ತವೆ.

ಮೀನು ಮೀನನ್ನೇ ಹೋಲಿಸಿ ಹೇಳಬೇಕಾದರೆ, ಒಂದೇ ಮೀನಿನ ಮುಖ ನೋಡಿ ಕುಳಿತುಕೊಳ್ಳಬಲ್ಲವರಿಗೆ ಒಸಿ, ಊರು ಕಟ್ಟುವುದನ್ನು ನೋಡಬೇಕೆನ್ನುವವರಿಗೆ ಮಲ್ಟಿ. ಈ ಅಳತೆಯ ತೊಟ್ಟಿಯಲ್ಲಿ ಒಸಿಯದು ಒಂದು ಗಂಡು, ಎರಡು ಹೆಣ್ಣು, ಅಷ್ಟೇ. ಎರಡನೆಯ ಗಂಡನ್ನು ಬಿಟ್ಟು ನೋಡಿದೆ, ಎರಡು ದಿನಗಳಲ್ಲಿ ರೆಕ್ಕೆ ಹರಿದುಕೊಂಡು ನೀರಿನ ಮೇಲ್ಭಾಗಕ್ಕೆ ಬಂದು ನಿಂತಿತು. ಗಂಡುಹೆಣ್ಣನ್ನು ಬೆನ್ನಿನ ರೆಕ್ಕೆಯ ಅಂಚಿನಿಂದ ತಿಳಿಯಬಹುದು, ಹೆಣ್ಣಿನದು ಬಿಳುಪು, ಗಂಡಿನದು ಹೊಂಬಣ್ಣ. ಮಲ್ಟಿಗಳಲ್ಲಿ ಅಂಥ ಗುರುತಿಲ್ಲದ್ದರಿಂದ ಎಂಟು ಹತ್ತು ಮರಿಗಳನ್ನು ಒಟ್ಟಿಗೆ ತರುವುದೇ ದಾರಿ. ಇದೇ ಸರೋವರದ ಕ್ಯಾಲಿಪ್ಟೆರಸ್ ಎಂಬ ಇನ್ನೊಂದು ಚಿಪ್ಪಿನ ಮೀನಿನ ಮೇಲೆ ನನಗೆ ಆಸೆಯಿತ್ತು. ಅದರ ಗಂಡು ಹೆಣ್ಣಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೂಗುತ್ತದೆ, ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ಹೊತ್ತು ತಂದು ಗುಡ್ಡೆ ಹಾಕುತ್ತದೆ. ಅಂಥ ಮೀನಿಗೆ ನಮ್ಮ ಹಜಾರ ಸಾಲದು.

ಮರಿಗಳ ಪಾಡಿನಲ್ಲಿ ಇಬ್ಬರೂ ಮತ್ತೆ ಬೇರೆಯಾಗುತ್ತಾರೆ. ಒಸಿಯ ತಾಯಿ ಮರಿಗಳು ಒಂದು ಸೆಂಟಿಮೀಟರ್ ದಾಟುತ್ತಿದ್ದಂತೆ ಅಟ್ಟಿಬಿಡುತ್ತಾಳೆ. ಅವು ಬಯಲಿಗೆ ಬಂದಾಗ ಬಲೆಯಲ್ಲಿ ಹಿಡಿದು ಬೇರೆ ಕಡೆ ಸಾಗಿಸುವುದು ಸುಲಭ. ಮಲ್ಟಿಗಳು ಅಕ್ಕ, ತಂಗಿ, ಅತ್ತೆ, ಸೊಸೆ ಎಲ್ಲರೂ ಕೂಡಿಯೇ ಇರುತ್ತಾರೆ, ಎಂಟು ಮೀನು ಎರಡು ವರ್ಷದಲ್ಲಿ ಅರುವತ್ತು ದಾಟಿದವು. ಹೆಚ್ಚಾದವನ್ನು ಹಿಡಿಯಹೋದರೆ ಒಂದು ಕ್ಷಣದಲ್ಲಿ ಎಲ್ಲವೂ ಚಿಪ್ಪಿನೊಳಗೆ. ಚಿಪ್ಪನ್ನು ಕೊಡವಬಾರದು, ಮೀನು ಇನ್ನಷ್ಟು ಒಳಗೆ ತೂರುತ್ತದೆ. ನೀರು ತುಂಬಿದ ಬೋಗುಣಿಯ ಮೇಲೆ ಚಿಪ್ಪಿನ ಬಾಯಿ ಕೆಳಮುಖವಾಗಿ ನೀರಿನ ಮಟ್ಟಕ್ಕೆ ತುಸು ಮೇಲೆ ಬರುವಂತೆ ಹಿಡಿದು, ಒಳಗಿನ ನೀರನ್ನು ಮೆಲ್ಲಗೆ ಬಸಿಯಲು ಬಿಟ್ಟು ಕಾದರೆ, ಒಂದೆರಡು ನಿಮಿಷದಲ್ಲಿ ಅದು ತಾನಾಗಿ ಜಾರಿ ಬೋಗುಣಿಗೆ ಬೀಳುತ್ತದೆ. ಕಳೆದ ಭಾನುವಾರ ಒಂದು ಬೆಲ್ಲಾಮಿಯ ಚಿಪ್ಪಿನಿಂದ ತಾಯಿಯ ಹಿಂದೆಯೇ ಹನ್ನೊಂದು ಮರಿಗಳು ಬಿದ್ದವು. ಎಲ್ಲವನ್ನೂ ಚಿಪ್ಪಿನ ಸಮೇತ ಅದೇ ಗುಂಡಿಗೆ ವಾಪಸು ಇಳಿಸಿದೆ.