40 ಜಿಬಿ ಜಾಗ, ಮೂರು ಪ್ರಾಕ್ಸಿ: ಡಿಸ್ಕ್ ತುಂಬಿದಾಗ ಯಾವುದು ಏನು ಮಾಡುತ್ತದೆ?

ಪುಣೆಯ ಭೋಸರಿಯಲ್ಲಿ ನಾವು ಕೆಲವರು ಸೇರಿ ಲಿನಕ್ಸ್ ಕ್ಲಾಸ್ ನಡೆಸುತ್ತೇವೆ. ಬರುವವರು ಹೆಚ್ಚಾಗಿ ವಿಜಯಪುರ, ಕಲಬುರಗಿ, ಬೀದರ್ ಕಡೆಯವರು, ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರು. ಇಲ್ಲಿನ ಎಂಐಡಿಸಿಗೆ (ಮಹಾರಾಷ್ಟ್ರದ ಸರ್ಕಾರಿ ಕೈಗಾರಿಕಾ ಪ್ರದೇಶ) ಗುರುವಾರ ವಾರದ ರಜೆ. ಹಾಗಾಗಿ ಕ್ಲಾಸೂ ಗುರುವಾರವೇ. ಎಲ್ಲರೂ ಒಟ್ಟಿಗೆ ಡೆಬಿಯನ್ (ನಾವು ಬಳಸುವ ಲಿನಕ್ಸ್) ಅಪ್‌ಡೇಟ್ ಮಾಡಲು ಕೂತರೆ ನಮ್ಮ ಇಂಟರ್ನೆಟ್ ಲೈನ್ ತಡೆಯುವುದಿಲ್ಲ. ಒಬ್ಬರು ಇಳಿಸಿದ ಪ್ಯಾಕೇಜ್ ಉಳಿದವರಿಗೆ ಒಳಗಿನಿಂದಲೇ ಸಿಗಬೇಕು. ಅದಕ್ಕೆ ಕ್ಯಾಶಿಂಗ್ ಪ್ರಾಕ್ಸಿ, ಅಂದರೆ ನಡುವೆ ನಿಂತು ಇಳಿಸಿದ್ದನ್ನು ತನ್ನ ಕ್ಯಾಶ್‌ನಲ್ಲಿ (ಸಂಗ್ರಹದಲ್ಲಿ) ಇಟ್ಟುಕೊಂಡು ಹಂಚುವ ಸಾಫ್ಟ್‌ವೇರ್, ಬೇಕೇ ಬೇಕು.

ಪ್ರಾಕ್ಸಿಗೆ ಇರುವುದು ಒಂದು ಹಳೆಯ ಡೆಸ್ಕ್‌ಟಾಪ್. ಪಾಠದ ಫೈಲುಗಳೂ ಅದರಲ್ಲೇ ಇವೆ. ಕ್ಯಾಶ್‌ಗೆ 40 ಜಿಬಿಗಿಂತ ಜಾಸ್ತಿ ಕೊಡಲು ಆಗುವುದಿಲ್ಲ. ಆಪ್ಟ್-ಕ್ಯಾಚರ್-ಎನ್‌ಜಿ, ಸ್ಕ್ವಿಡ್, ಎಂಜಿನ್‌ಎಕ್ಸ್ ಮೂರನ್ನೂ ಇದೇ ಮೆಷಿನ್ ಮೇಲೆ ಓಡಿಸಿ ನೋಡಿದೆ.

ಆಪ್ಟ್-ಕ್ಯಾಚರ್-ಎನ್‌ಜಿ ಹಾಕುವುದು ಸುಲಭ. ಪೋರ್ಟ್ 3142, ಕ್ಲೈಂಟ್‌ಗಳಲ್ಲಿ (ಹುಡುಗರ ಕಂಪ್ಯೂಟರ್‌ಗಳಲ್ಲಿ) ಒಂದು ಸಾಲು ಬರೆದರೆ ಮುಗಿಯಿತು. ಆದರೆ "ಇಷ್ಟು ಜಿಬಿ ದಾಟಬೇಡ" ಎಂದು ಹೇಳುವ ಸೆಟ್ಟಿಂಗ್ ಇದರಲ್ಲಿ ಇಲ್ಲ. ಇದು ಗಾತ್ರ ನೋಡಿ ಅಳಿಸುವುದಿಲ್ಲ. ಡೆಬಿಯನ್‌ನ ಪ್ಯಾಕೇಜ್ ಪಟ್ಟಿ ನೋಡಿ ಅಳಿಸುತ್ತದೆ. ಪಟ್ಟಿಯಲ್ಲಿ ಹೆಸರು ಇರುವವರೆಗೆ ಫೈಲ್ ಉಳಿಯುತ್ತದೆ. ಹೆಸರು ಹೋಗಿ, ಎಕ್ಸ್‌ಥ್ರೆಶೋಲ್ಡ್ ಎಂಬ ಸೆಟ್ಟಿಂಗ್‌ನಲ್ಲಿ ಕೊಟ್ಟಷ್ಟು ದಿನ ಕಳೆದ ಮೇಲೆ ಅಳಿಸುತ್ತದೆ. ಏನೂ ಬದಲಿಸದಿದ್ದರೆ ಅದು 4 ದಿನ. ನನಗೆ ಈ ಲೆಕ್ಕ ಬಹಳ ಹಿಡಿಸಿತು. ಯಾರಿಗೂ ಬೇಡವಾದ ಹಳೆಯ ಆವೃತ್ತಿ ಮಾತ್ರ ಹೋಗುತ್ತದೆ, ಬೇಕಾದದ್ದು ಉಳಿಯುತ್ತದೆ.

ಎರಡು ಕಡೆ ಹುಷಾರಾಗಿರಬೇಕು. ಒಂದು, ಯಾವುದೋ ಒಂದು ಪಟ್ಟಿ ಇಳಿಸುವಾಗ ತೊಂದರೆ ಬಂದರೂ ಹೀಗೆ ಹಳೆಯದನ್ನು ಅಳಿಸುವ ಅವತ್ತಿನ ಶುಚಿ ಕೆಲಸ ಪೂರ್ತಿ ನಿಂತುಬಿಡುತ್ತದೆ. ಅರ್ಧಂಬರ್ಧ ಪಟ್ಟಿ ನಂಬಿ ಒಳ್ಳೆಯ ಫೈಲ್ ಅಳಿಸಬಾರದು ಅಂತ ಹಾಗೆ ಇಟ್ಟಿದ್ದಾರೆ, ಅದು ಸರಿಯೇ. ಆದರೆ ಈಗ ಇಲ್ಲದ ರೆಪೊಸಿಟರಿಯೊಂದರ (ಪ್ಯಾಕೇಜ್ ಸಿಗುವ ತಾಣ) ಪಟ್ಟಿ ಕ್ಯಾಶ್‌ನಲ್ಲಿ ಉಳಿದಿದ್ದರೆ ಡಿಸ್ಕ್ ಸದ್ದಿಲ್ಲದೆ ತುಂಬುತ್ತಾ ಹೋಗುತ್ತದೆ. ಎರಡು, 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂತಲ್ವಾ? ಎಲ್ಲರೂ 12 ಬಿಟ್ಟು 13ಕ್ಕೆ ಬಂದರೂ 12ರ ಪ್ಯಾಕೇಜ್‌ಗಳು ಕ್ಯಾಶ್‌ನಲ್ಲಿ ಹಾಗೇ ಕೂತಿರುತ್ತವೆ, ಯಾಕೆಂದರೆ 12ರ ಪಟ್ಟಿ ಇನ್ನೂ ಜೀವಂತ. ಕ್ಯಾಶ್ ಒಳಗಿನ ಆ ಹಳೆಯ ಪಟ್ಟಿಗಳನ್ನು ನಾವೇ ತೆಗೆದು ಶುಚಿ ಕೆಲಸ ಓಡಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಸ್ಕ್ವಿಡ್ ಇದಕ್ಕೆ ತದ್ವಿರುದ್ಧ. ಅದರ ಸೆಟ್ಟಿಂಗ್ ಫೈಲಿನ ಕ್ಯಾಶ್-ಡಿರ್ ಸಾಲಿನಲ್ಲಿ ಎಂಬಿ ಲೆಕ್ಕದಲ್ಲಿ ಗಾತ್ರ ಬರೆಯುತ್ತೇವೆ. 90 ಶೇಕಡಾ ದಾಟಿದರೆ ಅಳಿಸಲು ಶುರು ಮಾಡುತ್ತದೆ, 95ರ ಹತ್ತಿರ ಬಂದರೆ ಜೋರಾಗಿ ಅಳಿಸುತ್ತದೆ. ಯಾರೂ ಕಾವಲು ಕೂರಬೇಕಿಲ್ಲ. ಆದರೆ ಇದ್ದ ಹಾಗೇ ಬಿಟ್ಟರೆ 4 ಎಂಬಿಗಿಂತ ದೊಡ್ಡ ಫೈಲನ್ನು ಅದು ಇಟ್ಟುಕೊಳ್ಳುವುದೇ ಇಲ್ಲ! ನಮ್ಮ ಲೈನ್ ತಿನ್ನುವುದು ಕರ್ನಲ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಂಥ ದೊಡ್ಡವೇ. ಆ ಮಿತಿಯನ್ನು 512 ಎಂಬಿಗೆ ಏರಿಸಬೇಕು, ಅದೂ ಕ್ಯಾಶ್-ಡಿರ್ ಸಾಲಿಗಿಂತ ಮೇಲೆ ಬರೆಯಬೇಕು. ಅಳಿಸುವ ನೀತಿಯನ್ನೂ ಎಲ್‌ಆರ್‌ಯು (ಬಹಳ ದಿನದಿಂದ ಕೇಳದ್ದನ್ನು ಮೊದಲು ಅಳಿಸುವುದು) ಬಿಟ್ಟು ಹೀಪ್ ಎಲ್‌ಎಫ್‌ಯುಡಿಎಗೆ ಬದಲಿಸಿದರೆ ಒಳ್ಳೆಯದು. ಪದೇ ಪದೇ ಕೇಳುವ ಫೈಲ್ ದೊಡ್ಡದಾಗಿದ್ದರೂ ಅದು ಉಳಿಸಿಕೊಳ್ಳುತ್ತದೆ.

ಎಂಜಿನ್‌ಎಕ್ಸ್‌ನಲ್ಲಿ ಕ್ಯಾಶ್‌ನ ಗಾತ್ರಕ್ಕೆ ಮಿತಿ ಹಾಕುವ ಮ್ಯಾಕ್ಸ್-ಸೈಜ್ ಇದೆ. 1.19.1 ಆವೃತ್ತಿಯಿಂದ ಡಿಸ್ಕ್‌ನಲ್ಲಿ ಕನಿಷ್ಠ ಇಷ್ಟು ಜಾಗ ಖಾಲಿ ಬಿಡು ಎನ್ನುವ ಮಿನ್-ಫ್ರೀ ಕೂಡ ಇದೆ. ಪಾಠದ ಫೈಲುಗಳ ಜೊತೆ ಡಿಸ್ಕ್ ಹಂಚಿಕೊಳ್ಳುವ ನಮ್ಮಂಥವರಿಗೆ ಇದು ಚೆನ್ನಾಗಿದೆ. ತೊಂದರೆ ಇರುವುದು ಇನ್ಆಕ್ಟಿವ್ ಎಂಬ ಸೆಟ್ಟಿಂಗ್‌ನಲ್ಲಿ. ಅಷ್ಟು ಹೊತ್ತು ಯಾರೂ ಕೇಳದ ಫೈಲನ್ನು, ಜಾಗ ಎಷ್ಟೇ ಖಾಲಿ ಇರಲಿ, ಅಳಿಸಿಬಿಡುತ್ತದೆ. ನಾವೇ ಬೇರೆ ಬರೆಯದಿದ್ದರೆ ಅದು 10 ನಿಮಿಷ. ಗುರುವಾರದಿಂದ ಗುರುವಾರಕ್ಕೆ ಬದುಕುವ ಕ್ಯಾಶ್‌ಗೆ 30 ದಿನ ಅಂತಲೇ ಬರೆಯಬೇಕು. ಎಲ್ಲರೂ ಒಂದೇ ಫೈಲ್ ಒಟ್ಟಿಗೆ ಕೇಳಿದಾಗ ಒಬ್ಬರನ್ನೇ ಹೊರಗೆ ಕಳಿಸುವ ಕ್ಯಾಶ್-ಲಾಕ್ ಇದೆ, ಆದರೆ ಉಳಿದವರು ಕಾಯುವುದು 5 ಸೆಕೆಂಡ್ ಮಾತ್ರ. ನಿಧಾನದ ಲೈನಿನಲ್ಲಿ ಅದನ್ನೂ ಏರಿಸಬೇಕು. ಮೇಲಾಗಿ ಪ್ಯಾಕೇಜ್‌ಗೆ ಒಂದು ನಿಯಮ, ಆಗಾಗ ಬದಲಾಗುವ ಪಟ್ಟಿಗೆ ಇನ್ನೊಂದು ನಿಯಮ ಅಂತ ನಾವೇ ಬರೆಯಬೇಕು. ಇಲ್ಲದಿದ್ದರೆ ಹ್ಯಾಶ್ (ಫೈಲ್ ಸರಿಯಿದೆಯೇ ಎಂದು ನೋಡುವ ಗುರುತು) ಹೊಂದುವುದಿಲ್ಲ ಎಂದು ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಕೂಗುತ್ತದೆ.

ನಾನು ಉಳಿಸಿಕೊಂಡದ್ದು ಆಪ್ಟ್-ಕ್ಯಾಚರ್-ಎನ್‌ಜಿ. ನಮ್ಮಲ್ಲಿ ಈಗ ಎಲ್ಲರದೂ ಒಂದೇ ಡೆಬಿಯನ್ ಸ್ಟೇಬಲ್. ಅಂಥ ಕಡೆ ಕ್ಯಾಶ್ ಒಂದು ಹಂತಕ್ಕೆ ಬೆಳೆದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಉಬುಂಟು, ಫೆಡೋರಾ ಎಲ್ಲ ಕಲಸಿಕೊಂಡಿದ್ದರೆ ಸ್ಕ್ವಿಡ್ಡನ್ನೇ ಹಾಕುತ್ತಿದ್ದೆ. ಮಿತಿ ಇಲ್ಲದ ಕೊರತೆ ತುಂಬಲು ಆಪ್ಟ್-ಕ್ಯಾಚರ್-ಎನ್‌ಜಿಯ ಕ್ಯಾಶ್ ಫೋಲ್ಡರ್‌ಗೆ 40 ಜಿಬಿಯ ಬೇರೆ ಪಾರ್ಟಿಶನ್ ಕೊಟ್ಟಿದ್ದೇನೆ. ತುಂಬಿದರೆ ಹೊಸ ಡೌನ್‌ಲೋಡ್ ನಿಲ್ಲಬಹುದು, ಪಾಠದ ಫೈಲುಗಳಿಗೆ ಮಾತ್ರ ಏನೂ ಆಗುವುದಿಲ್ಲ. ಬುಧವಾರ ರಾತ್ರಿ ಒಂದು ಚಿಕ್ಕ ಸ್ಕ್ರಿಪ್ಟ್ ಆ ಪಾರ್ಟಿಶನ್ ನೋಡುತ್ತದೆ. 80 ಶೇಕಡಾ ದಾಟಿದ್ದರೆ ನನಗೆ ಮೇಲ್ ಬರುತ್ತದೆ, ಕ್ಲಾಸಿಗೆ ಮುಂಚೆ ಆಪ್ಟ್-ಕ್ಯಾಚರ್-ಎನ್‌ಜಿಯ ರಿಪೋರ್ಟ್ ಪುಟ ತೆರೆದು ಶುಚಿ ಕೆಲಸ ಎಲ್ಲಿ ನಿಂತಿದೆ ಎಂದು ನೋಡುತ್ತೇನೆ.