ಸಂತೆಯೋ ಜನಗಣತಿಯೋ: ಕಾರವಾರದಲ್ಲಿ ನಾನು ಹಿಡಿದ ಎರಡು ದಾರಿ

ಭೂಗೋಳಶಾಸ್ತ್ರದ ಎಂ.ಎ. ಓದಲು ಧಾರವಾಡಕ್ಕೆ ಹೋಗಿದ್ದರೂ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನನ್ನೂರು ಕಾರವಾರವನ್ನೇ. ಇಲ್ಲಿನ ಭಾನುವಾರದ ಸಂತೆಗೆ ಎಲ್ಲೆಲ್ಲಿಂದ ಜನ ಬರುತ್ತಾರೆ, ಏಕೆ ಬರುತ್ತಾರೆ ಎಂಬುದು ಪ್ರಶ್ನೆ.

ಮೊದಲು ಕೋಣೆಯಲ್ಲಿ ಕುಳಿತೇ ಉತ್ತರ ಹುಡುಕಿದೆ. 2011ರ ಜನಗಣತಿಯ ಗ್ರಾಮವಾರು ಪಟ್ಟಿ, ನಕ್ಷೆ ಬರೆಯಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ, ಜೊತೆಗೆ ಜರ್ಮನ್ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರ ಸ್ಥಳ ಸಿದ್ಧಾಂತ: ಪ್ರತಿ ಪೇಟೆಯ ಸುತ್ತ ಅದನ್ನು ನೆಚ್ಚಿಕೊಂಡ ಊರುಗಳ ಷಟ್ಕೋನಾಕಾರದ ವಲಯವೊಂದು ಇರುತ್ತದೆ ಎಂಬುದು ಅದರ ತಿರುಳು. ನಾಲ್ಕೇ ದಿನಗಳಲ್ಲಿ ಚೊಕ್ಕವಾದ ನಕ್ಷೆ ಸಿದ್ಧವಾಯಿತು. ಆದರೆ ಕ್ರಿಸ್ಟಾಲರ್ ಊಹಿಸಿಕೊಂಡದ್ದು ಎತ್ತ ಹೋದರೂ ಒಂದೇ ಸಮವಾಗಿರುವ ಬಯಲನ್ನು. ಕಾರವಾರಕ್ಕೆ ಪಶ್ಚಿಮದಲ್ಲಿ ಅರಬ್ಬಿ ಸಮುದ್ರ, ಪೂರ್ವದಲ್ಲಿ ಸಹ್ಯಾದ್ರಿ, ಉತ್ತರದಲ್ಲಿ ಕಾಳಿ ನದಿ. ನಾನೆಳೆದ ಷಟ್ಕೋನದ ಅರ್ಧ ಭಾಗ ನೀರಿನ ಮೇಲಿತ್ತು.

ಆಮೇಲೆ ಐದು ಭಾನುವಾರ ಸಂತೆಯಲ್ಲಿಯೇ ನಿಂತೆ. ಉದ್ದನೆಯ ಪ್ರಶ್ನಾವಳಿ ಮೊದಲ ದಿನವೇ ಚೀಲ ಸೇರಿತು. ವ್ಯಾಪಾರದ ಹೊತ್ತಿನಲ್ಲಿ ಅದಕ್ಕೆ ಯಾರಿಗೂ ಬಿಡುವಿಲ್ಲ. ಬದಲಿಗೆ, ಬಂದ ದಾರಿಯನ್ನು ಬಿಡಿಸಿ ತೋರಿಸಿ ಎಂದು ಕೇಳತೊಡಗಿದೆ. ಅಂಕೋಲಾ ಕಡೆಯ, ಹಾಲಕ್ಕಿ ಒಕ್ಕಲಿಗ ಸಮುದಾಯದ ಮಹಿಳೆಯೊಬ್ಬರು ಪೆನ್ಸಿಲ್ ಮುಟ್ಟಲಿಲ್ಲ. ಬಸಳೆಯ ಕಟ್ಟುಗಳನ್ನು ನೆಲದ ಮೇಲೆ ಒಂದರ ಮುಂದೊಂದು ಇಟ್ಟು, ಒಂದೊಂದಕ್ಕೂ ಒಂದೊಂದು ಊರಿನ ಹೆಸರು ಹೇಳಿದರು. ಅವರ ಲೆಕ್ಕದಲ್ಲಿ ದೂರವೆಂದರೆ ಕಿಲೋಮೀಟರ್ ಅಲ್ಲ, ಬುಟ್ಟಿಗೂ ಜಾಗ ಸಿಗುವ ನಸುಕಿನ ಬಸ್ಸು. ಅದು ತಪ್ಪಿದ ದಿನ ಅವರಿಗೆ ಕಾರವಾರವೇ ಇಲ್ಲ, ಅಂಕೋಲಾ ಪೇಟೆಯೇ ಗತಿ.

ಇನ್ನೊಬ್ಬ ಹಿರಿಯರು ಊರು ಯಾವುದೆಂದರೆ ಅರ್ಗಾ ಎಂದರು. ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟು ಬಂದವರು ಅವರು. ಈಗಿರುವುದು ಪುನರ್ವಸತಿ ಕಾಲೋನಿಯಲ್ಲಿ. ಆದರೂ ಕಾಗದದ ಮೇಲೆ ಮೊದಲು ಮೂಡಿದ್ದು ಹಳೆಯ ಮನೆ, ಅದರ ಬಾವಿ, ಕಡಲಿಗೆ ಇಳಿಯುವ ಕಾಲುದಾರಿ. ಜನಗಣತಿಯಲ್ಲಿ ಅವರು ಈಗಿನ ಊರಿನ ಲೆಕ್ಕಕ್ಕೆ ಸೇರಿದ ಒಂದು ಅಂಕಿ ಮಾತ್ರ. ಆ ಹಾಳೆಯನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಸಂತೆಯ ದಾರಿಗೂ ಕೊರತೆಯಿದೆ: ಸಂತೆಗೆ ಬಾರದವರು ಅಲ್ಲಿ ಕಾಣುವುದಿಲ್ಲ. ಕದ್ರಾ ಕಡೆಯ ಎಷ್ಟೋ ಊರುಗಳಿಂದ ಒಬ್ಬರೂ ನನಗೆ ಸಿಕ್ಕಿಲ್ಲವೆಂಬುದನ್ನು ತೋರಿಸಿಕೊಟ್ಟದ್ದು ಜನಗಣತಿಯ ಪಟ್ಟಿಯೇ.

ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಸಂತೆ. ಎರಡಕ್ಕೂ ಸಮಯವಿದ್ದರೆ ಮೊದಲು ಸಂತೆ, ನಂತರ ಪಟ್ಟಿ. ನಾನು ಮಾಡಿದ್ದು ತಿರುಗುಮುರುಗು. ಕಾಳಿಯಾಚೆಯ ಸದಾಶಿವಗಡದಿಂದ ಬಂದವರನ್ನು ಮಾತನಾಡಿಸುವಾಗ, ಬಂದಷ್ಟಾದರೂ ಕೊಂಕಣಿಯಲ್ಲಿ ಕೇಳಿ. ಕನ್ನಡದಲ್ಲಿ ಕೇಳಿದಾಗ ಊರಿನ ಹೆಸರಷ್ಟೇ ಹೇಳಿದ್ದವರು, ಕೊಂಕಣಿಯಲ್ಲಿ ಕೇಳಿದಾಗ ಗೋವಾದಲ್ಲಿ ದುಡಿಯುವ ಮಗನವರೆಗೂ ದಾರಿ ಬಿಡಿಸಿದರು.